ಅಂಗೈಯಲ್ಲಿ ಮಾತು ಬಿತ್ತಿದ ಆ್ಯನ್ ಸಲಿವನ್

ಹೆಲನ್ ಕೆಲ್ಲರಳ ಕಥೆಯನ್ನು ಕೇಳದ ವಿದ್ಯಾರ್ಥಿಗಳು ವಿರಳ. ಕಣ್ಣಿಲ್ಲದೆ, ಕಿವಿಯಿಲ್ಲದೆ ವಿದ್ಯೆ ಕಲಿತು, ಪದವಿ ಪಡೆದು, ಗ್ರಂಥಗಳನ್ನು ಬರೆದು, 1955ರಲ್ಲಿ ನಮ್ಮ ದೇಶಕ್ಕೂ ಬಂದುಹೋದ ಮಹಿಳೆ ಆಕೆ. ಆದರೆ ಆಕೆಗೆ ಮಾತು ಕೊಟ್ಟ ಗುರು ಯಾರೆಂದು ಕೇಳಿದರೆ ನಮ್ಮಲ್ಲಿ ಅನೇಕರು ತಡವರಿಸುತ್ತೇವೆ. ಬಲ್ಲವರೂ ನೀರಿನ ಪಂಪಿನ ಹತ್ತಿರ ನಡೆದ ಪ್ರಸಂಗವೊಂದನ್ನು ಹೇಳಿ ಮುಗಿಸಿಬಿಡುತ್ತೇವೆ. ನನಗೆ ತೋರುವ ಮಟ್ಟಿಗೆ ಆ ಗುರುವಿನ ನಿಜವಾದ ಹೆಚ್ಚಳವಿರುವುದು ಪಂಪಿನ ಪ್ರಸಂಗವಾದ ಕೆಲವೇ ದಿನಗಳಲ್ಲಿ, ಹದಿನೈದು ತಿಂಗಳ ಕೂಸೊಂದನ್ನು ನೋಡಿ ಆಕೆ ಮಾಡಿದ ಒಂದು ನಿರ್ಧಾರದಲ್ಲಿ.

ಆ್ಯನ್ ಸಲಿವನ್ ಹುಟ್ಟಿದ್ದು 1866ನೆಯ ಇಸವಿ ಏಪ್ರಿಲ್ 14ರಂದು, ಅಮೇರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಫೀಡಿಂಗ್ ಹಿಲ್ಸ್ ಎಂಬ ಊರಲ್ಲಿ. ತಂದೆತಾಯಿಗಳು ಐರ್ಲೆಂಡಿನಿಂದ ವಲಸೆ ಬಂದ ಕಡುಬಡವರು. ತಂದೆಗೆ ಕುಡಿತದ ಚಟ, ತಾಯಿಗೆ ಕ್ಷಯ. ಐದನೆಯ ವಯಸ್ಸಿನ ಸುಮಾರಿಗೆ ಹುಡುಗಿಗೆ ಟ್ರಕೋಮಾ ಎಂಬ ಕಣ್ಣುಬೇನೆ ಅಂಟಿ ದೃಷ್ಟಿ ಮಂಜಾಯಿತು. ಎಂಟು ವರ್ಷದವಳಿದ್ದಾಗ ತಾಯಿ ತೀರಿಹೋದಳು. ಮುಂದೆ ತಂದೆಯೂ ಮಕ್ಕಳ ಕೈಬಿಟ್ಟನು. 1876ರ ಫೆಬ್ರುವರಿಯಲ್ಲಿ, ಇನ್ನೂ ಹತ್ತು ತುಂಬದ ಆ್ಯನ್‌ಳನ್ನೂ ಸೊಂಟದ ಕ್ಷಯದಿಂದ ಕುಂಟುತ್ತಿದ್ದ ಅವಳ ತಮ್ಮ ಜಿಮ್ಮಿಯನ್ನೂ ಟ್ಯೂಕ್ಸ್‌ಬರಿಯ ಸರಕಾರಿ ಅನಾಥಾಲಯಕ್ಕೆ ಸಾಗಿಸಿದರು. ಅಲ್ಲಿ ಮುದುಕರು, ರೋಗಿಗಳು, ಬುದ್ಧಿ ಭ್ರಮಣೆಯಾದವರು, ದಿಕ್ಕಿಲ್ಲದ ಮಕ್ಕಳು ಎಲ್ಲರಿಗೂ ಒಂದೇ ಆಸರೆ. ಕೆಲವೇ ತಿಂಗಳಲ್ಲಿ ಜಿಮ್ಮಿ ಅಲ್ಲಿಯೇ ಕಣ್ಣು ಮುಚ್ಚಿದನು. ಅಕ್ಕ ನಾಲ್ಕು ವರ್ಷ ಅಲ್ಲಿಯೇ ಉಳಿದಳು.

ಅಂಧರಿಗಾಗಿಯೇ ಒಂದು ಶಾಲೆಯುಂಟೆಂಬುದು ಹೇಗೋ ಅವಳ ಕಿವಿಗೆ ಬಿದ್ದಿತ್ತು. 1880ರಲ್ಲಿ ಅಧಿಕಾರಿಗಳು ತಪಾಸಣೆಗೆ ಬಂದಾಗ ಅವರ ಬೆನ್ನು ಹತ್ತಿ, ತನ್ನನ್ನು ಶಾಲೆಗೆ ಕಳಿಸಬೇಕೆಂದು ಅಂಗಲಾಚಿದಳು. ಅದೇ ಅಕ್ಟೋಬರಿನಲ್ಲಿ ಬಾಸ್ಟನ್ ನಗರದ ಪರ್ಕಿನ್ಸ್ ಅಂಧರ ಶಾಲೆಗೆ ಸೇರಿದಾಗ ಅವಳಿಗೆ ಹದಿನಾಲ್ಕು ವರ್ಷ. ತನ್ನ ಹೆಸರನ್ನು ಬರೆಯಲೂ ಬಾರದು! ಚಿಕ್ಕ ಮಕ್ಕಳೊಡನೆ ಕುಳಿತು ಕಲಿಯುವ ದೊಡ್ಡ ಹುಡುಗಿಯನ್ನು ಕಂಡು ಉಳಿದವರು ನಕ್ಕರು. ಮನೆತನದಲ್ಲಿ ಮೊದಲ ಸಲ ಪಾಟಿ ಹಿಡಿದವರಿಗೆ ಆ ನಗೆಯ ಕಹಿ ಗೊತ್ತು, ಅದನ್ನಿಲ್ಲಿ ಬೆಳೆಸುವುದಿಲ್ಲ. ಶಸ್ತ್ರಚಿಕಿತ್ಸೆಗಳಿಂದ ಸ್ವಲ್ಪ ದೃಷ್ಟಿ ಮರಳಿತು. 1886ರಲ್ಲಿ ಆಕೆ ತನ್ನ ತರಗತಿಗೇ ಮೊದಲಿಗಳಾಗಿ ಹೊರಬಿದ್ದಳು.

ಪರ್ಕಿನ್ಸಿನಲ್ಲಿ ಆಕೆಗೆ ದೊರೆತ ದೊಡ್ಡ ಲಾಭವೆಂದರೆ ಲಾರಾ ಬ್ರಿಜ್‌ಮನ್ ಎಂಬವಳ ಸಹವಾಸ. ಕಣ್ಣು ಕಿವಿ ಎರಡೂ ಇಲ್ಲದ ಲಾರಾಳಿಗೆ ಡಾಕ್ಟರ ಹೋವ್ ಎಂಬವರು ಅರ್ಧ ಶತಮಾನದ ಹಿಂದೆಯೇ ಭಾಷೆ ಕಲಿಸಿದ್ದರು. ಒಬ್ಬರ ಅಂಗೈಯಲ್ಲಿ ಬೆರಳುಗಳಿಂದ ಒಂದೊಂದೇ ಅಕ್ಷರದ ಆಕಾರವನ್ನಿಟ್ಟು ಮಾತನಾಡುವ ಬೆರಳುಲಿಪಿಯನ್ನು ಆ್ಯನ್ ಅಲ್ಲಿ ಕಲಿತಳು. ಅಲಬಾಮಾ ಸಂಸ್ಥಾನದ ಟಸ್ಕಂಬಿಯಾ ಎಂಬ ಊರಿನ ಕೆಲ್ಲರ್ ಮನೆತನದವರು ತಮ್ಮ ಮಗಳಿಗೆ ಶಿಕ್ಷಕಿ ಬೇಕೆಂದು ಕೇಳಿಕೊಂಡಾಗ ಶಾಲೆಯವರು ಆರಿಸಿದ್ದು ಈ ಇಪ್ಪತ್ತು ವರ್ಷದ ಅರೆಗುರುಡಿಯನ್ನು. ಗದುಗಿನವರಾದ ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು ಅಂಧ ಬಾಲಕರನ್ನು ಹತ್ತಿರವಿರಿಸಿಕೊಂಡು ಸಂಗೀತ ಕಲಿಸಿದ್ದನ್ನು ಬಲ್ಲ ಊರು ನಮ್ಮದು.

1887ರ ಮಾರ್ಚ್ 3ರಂದು ಆಕೆ ಟಸ್ಕಂಬಿಯಾಕ್ಕೆ ಬಂದಿಳಿದಳು. ಹೆಲನ್‌ಳಿಗೆ ಆಗ ಏಳು ತುಂಬಲು ಮೂರುನಾಲ್ಕು ತಿಂಗಳು ಬಾಕಿ. ಹತ್ತೊಂಬತ್ತು ತಿಂಗಳ ಕೂಸಿದ್ದಾಗ ಬಂದ ಬೇನೆಯೊಂದು ಅವಳ ಕಣ್ಣು ಕಿವಿ ಎರಡನ್ನೂ ಕಸಿದಿತ್ತು. ಕೈಸನ್ನೆಗಳ ಹೊರತು ಬೇರೆ ಮಾತಿಲ್ಲ. ಕೇಳಿದ್ದು ಸಿಗದಿದ್ದರೆ ಒದೆಯುವುದು, ಕಚ್ಚುವುದು, ಕಂಡವರ ತಟ್ಟೆಗೆ ಕೈ ಹಾಕುವುದು. ಮೊದಲ ದಿನಗಳಲ್ಲಿಯೇ ಶಿಕ್ಷಕಿಯ ಹಲ್ಲೊಂದನ್ನು ಉದುರಿಸಿದಳಂತೆ! ಸಲಿವನ್ ಅವಳನ್ನು ಕರೆದುಕೊಂಡು ಹಿತ್ತಲ ಕಡೆಯ ಸಣ್ಣ ಮನೆಯೊಂದರಲ್ಲಿ ಕೆಲ ದಿನ ಬೇರೆ ಇದ್ದಳು. ಗೊಂಬೆ ಕೊಟ್ಟು ಅಂಗೈಯಲ್ಲಿ ಗೊಂಬೆಯ ಅಕ್ಷರಗಳನ್ನಿಡುವಳು. ಹುಡುಗಿ ಅದನ್ನು ಮರಳಿ ತೋರಿಸುವಳು. ಆದರೆ ಅದು ಬರಿಯ ಬೆರಳಾಟವಾಗಿತ್ತು. ಲೋಟಕ್ಕೂ ಅದರೊಳಗಿನ ಹಾಲಿಗೂ ಬೇರೆ ಬೇರೆ ಹೆಸರುಂಟೆಂಬುದು ತಿಳಿಯುತ್ತಿರಲಿಲ್ಲ. ಏಪ್ರಿಲ್ 5ರಂದು ಪಂಪಿನ ನೀರು ಒಂದು ಕೈಮೇಲೆ ಬೀಳುತ್ತಿರಲು ಇನ್ನೊಂದು ಕೈಯಲ್ಲಿ ನೀರಿನ ಹೆಸರು ಮೂಡಿತು, ಒಮ್ಮೆಲೇ ಹೊಳೆಯಿತು. ಆ ರಾತ್ರಿಯೊಳಗೆ ಸುಮಾರು ಮೂವತ್ತು ಹೆಸರುಗಳನ್ನು ಕಲಿತಳು.

ಜನರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಹೆಸರುಗಳ ರಾಶಿ ಭಾಷೆಯಾಗುವುದೆಂತು? ಶಬ್ದಕೋಶವನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಇಂಗ್ಲಿಷು ಬಾರದೆಂಬುದನ್ನು ನಮ್ಮಂಥ ಹಳ್ಳಿಯ ಸಾಲಿಗಳಿಂದ ಬಂದವರು ಚೆನ್ನಾಗಿ ಬಲ್ಲೆವು. ಸಲಿವನ್‌ಳಿಗೂ ಇದೇ ಚಿಂತೆ. ಆಗ ಹೆಲನ್‌ಳ ನೆಂಟರ ಕೂಸೊಂದು ಆಕೆಯ ಕಣ್ಣಿಗೆ ಬಿತ್ತು. ಅದಕ್ಕೆ ಹದಿನೈದು ತಿಂಗಳು. ಮೂಗು ಎಲ್ಲಿ ಎಂದರೆ ಮೂಗು ತೋರಿಸುತ್ತದೆ; ಬಾಗಿಲ ಕಡೆಗೆ ಹೋಗೆಂದರೆ ಹೋಗುತ್ತದೆ; ಅವ್ವನಿಗೆ ಮುತ್ತು ಕೊಡೆಂದರೆ ಕೊಡುತ್ತದೆ. ಆಡುವ ಮಾತು ಇನ್ನೂ ಬಲು ಕಡಿಮೆ, ಆದರೆ ತಿಳಿಯುವ ಮಾತು ಎಷ್ಟೊಂದು! ಇದನ್ನೆಲ್ಲ ಅದಕ್ಕೆ ಪಾಠ ಹೇಳಿ ಕಲಿಸಿದವರಾರು? ಯಾರೂ ಇಲ್ಲ. ಸುತ್ತಲಿನವರು ದಿನವೆಲ್ಲ ಆಡಿದರು, ಅದು ಕೇಳಿತು. ತಿಳಿವಳಿಕೆ ಮುಂದೆ, ಮಾತು ಹಿಂದೆ.

ನಮ್ಮ ಬೆಟಗೇರಿಯ ನೇಕಾರರ ಮನೆಗಳಲ್ಲಿ ಮಗ್ಗದ ಬದಿಯ ತೊಟ್ಟಿಲಲ್ಲಿ ಮಲಗಿದ ಕೂಸಿನೊಡನೆ ಅವ್ವಂದಿರು, ಅಜ್ಜಿಯರು ಆಡುವ ಮಾತನ್ನು ನೆನೆದರೆ ಇದು ಮನದಟ್ಟಾಗುತ್ತದೆ. ಅದಕ್ಕೆ ತಿಳಿಯಲಿ, ತಿಳಿಯದಿರಲಿ, ಹಾಲಾಯಿತೇ, ನಿದ್ದೆ ಬಂತೇ, ಅಪ್ಪ ಎಲ್ಲಿ ಹೋದ ಎಂದು ಪೂರ್ತಿ ವಾಕ್ಯಗಳಲ್ಲಿಯೇ ಕೇಳುತ್ತಾರೆ. ಉತ್ತರವನ್ನೂ ತಾವೇ ಹೇಳುತ್ತಾರೆ. ವಿಭಕ್ತಿ ಪ್ರತ್ಯಯಗಳ ಹೆಸರನ್ನೇ ಅರಿಯದ ಆ ತಾಯಂದಿರ ಮಕ್ಕಳು ಮೂರುನಾಲ್ಕು ವರ್ಷಕ್ಕೆ ವಿಭಕ್ತಿಗಳನ್ನು ತಪ್ಪದೆ ಬಳಸುತ್ತಾರೆ. ಎಂಥ ಸೋಜಿಗ!

ಸಲಿವನ್ ಅಂದೇ ಗೊತ್ತುಮಾಡಿದಳು: ಹೊತ್ತು ನೇಮಿಸಿ ಪಾಠ ಹೇಳುವುದು ಇನ್ನು ಸಾಕು. ಕೂಸಿನ ಕಿವಿಯಲ್ಲಿ ಆಡುವಂತೆ ಹೆಲನ್‌ಳ ಕೈಯಲ್ಲಿ ಆಡುತ್ತ ಹೋಗಬೇಕು. ಬಿಡಿ ಶಬ್ದಗಳಲ್ಲಲ್ಲ, ಪೂರ್ಣ ವಾಕ್ಯಗಳಲ್ಲಿ. ತಿಳಿಯದಿದ್ದಲ್ಲಿ ಸನ್ನೆ ಕೂಡಿಸಬೇಕು. ತಿರುಗಿ ಹೇಳೆಂದು ಒತ್ತಾಯಿಸಬಾರದು. ಹೀಗೆ ಹೊಲದಲ್ಲಿ, ತೋಟದಲ್ಲಿ, ಊಟದಲ್ಲಿ ಬೆರಳಮಾತು ಎಡೆಬಿಡದೆ ನಡೆಯಿತು. ಆಗಸ್ಟ್ ಮುಗಿಯುವ ಹೊತ್ತಿಗೆ ಹೆಲನ್ 600ಕ್ಕೂ ಹೆಚ್ಚು ಶಬ್ದಗಳನ್ನು ಬಲ್ಲವಳಾಗಿದ್ದಳು. ಮಕ್ಕಳು ಮಾತು ಕಲಿಯುವ ಬಗೆಯನ್ನು ಪರೀಕ್ಷಿಸುವ ಶಾಸ್ತ್ರ ಆಗಿನ್ನೂ ತೊಟ್ಟಿಲಲ್ಲಿತ್ತು. ಡಾರ್ವಿನ್ನನು ತನ್ನ ಮಗನ ಶೈಶವದ ಟಿಪ್ಪಣಿಗಳನ್ನು ಪ್ರಕಟಿಸಿದ್ದು 1877ರಲ್ಲಿ. ಜರ್ಮನಿಯ ಪ್ರೇಯರನ ಗ್ರಂಥ ಬಂದಿದ್ದು 1882ರಲ್ಲಿ. ಅಂಥ ಪಂಡಿತರ ವಿಷಯದಲ್ಲಿ ಅನಾಥಾಲಯದ ಹುಡುಗಿಯೊಬ್ಬಳು ತನ್ನ ಬುದ್ಧಿಯಿಂದಲೇ ಇಷ್ಟನ್ನು ಕಂಡುಕೊಂಡಳು.

ಇದನ್ನು ಪವಾಡವೆಂದು ಕರೆಯುವವರೊಡನೆ ನಾನು ಕೂಡಲಾರೆ. ಹೆಲನ್ ಹತ್ತೊಂಬತ್ತು ತಿಂಗಳು ಕಿವಿತುಂಬ ಮಾತು ಕೇಳಿದ್ದವಳು; ನೀರಿಗೆ ತಾನು ಆಡುತ್ತಿದ್ದ ತೊದಲು ಶಬ್ದವೊಂದು ಬೇನೆಯಾದ ಮೇಲೂ ಅವಳಲ್ಲಿ ಉಳಿದಿತ್ತು. ಆ ಬೇರು ಇಲ್ಲದಿದ್ದರೆ ಏನಾಗಬಹುದೆಂಬುದಕ್ಕೆ ಬೇರೊಂದು ಕರುಣಕಥೆಯಿದೆ. 1970ರಲ್ಲಿ ಲಾಸ್ ಏಂಜಲೀಸಿನಲ್ಲಿ, ಕೋಣೆಯೊಂದರಲ್ಲಿ ಮಾತಿಲ್ಲದೆ ಕೂಡಿಹಾಕಲ್ಪಟ್ಟಿದ್ದ ಹದಿಮೂರು ವರ್ಷದ ಬಾಲೆಯೊಬ್ಬಳು ದೊರೆತಳು. ಅವಳು ಶಬ್ದಗಳನ್ನು ಕಲಿತಳು. ವಾಕ್ಯದ ಕಟ್ಟು ಮಾತ್ರ ಸರಿಯಾಗಿ ಕೈಹತ್ತಲಿಲ್ಲ. ಇನ್ನು ಕಿವಿ ಚುರುಕು, ಬುದ್ಧಿ ಚುರುಕು, ಮನೆಯಲ್ಲಿ ಮಾತಿಗೂ ಬರವಿಲ್ಲ, ಆದರೂ ಮಾತು ಹೊಂದಿಬಾರದ ಮಕ್ಕಳೂ ಉಂಟು. ನೂರಕ್ಕೆ ಸುಮಾರು ಏಳು ಮಕ್ಕಳು ಇಂಥವರೆಂದು ಇಂಗ್ಲೆಂಡಿನ ಶೋಧವೊಂದು 2016ರಲ್ಲಿ ತಿಳಿಸಿತು. ಇಂಥವರನ್ನು ದಡ್ಡರೆಂದು ಹಿಂದಿನ ಬೆಂಚಿಗೆ ದೂಡುವುದೇ ರೂಢಿ. ನಮ್ಮ ಕಡೆ ತಡವಾಗಿ ಮಾತಾಡುವ ಕೂಸಿನ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ. ಅದು ಅವರವರ ನಂಬಿಕೆ. ಆದರೆ ಅದರಲ್ಲಿಯೇ ವರುಷಗಳು ಕಳೆದುಹೋಗುತ್ತವೆಂಬುದೇ ಸಂಕಟದ ಮಾತು. ಮಕ್ಕಳ ಮಾತು-ಕಿವಿಗಳ ಪರೀಕ್ಷೆಗೆಂದೇ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ ಎಂಬುದು ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲಿ ಎಷ್ಟು ತಾಯಂದಿರಿಗೆ ಗೊತ್ತು?

ಸಲಿವನ್‌ಳ ಮುಂದಿನ ದಾರಿ ಹೂವಿನದಾಗಿರಲಿಲ್ಲ. ಹನ್ನೊಂದರ ಹೆಲನ್ ಬರೆದ ಕಥೆಯೊಂದು ಹಿಂದೆ ಅಚ್ಚಾದ ಮತ್ತೊಬ್ಬರ ಕಥೆಯನ್ನು ಹೋಲುತ್ತಿದೆಯೆಂದು 1892ರಲ್ಲಿ ಪರ್ಕಿನ್ಸಿನವರು ಆ ಮಗುವನ್ನು ವಿಚಾರಣೆಗೆ ನಿಲ್ಲಿಸಿದರು. ಕೇಳಿದ ಮಾತನ್ನು ತನ್ನದಾಗಿಸಿಕೊಂಡೇ ಮಾತು ಕಲಿತವಳ ಮೇಲೆ ಕಳವಿನ ಆರೋಪ! ಮುಂದೆ ಹೆಲನ್ ರ‍್ಯಾಡ್‌ಕ್ಲಿಫ್ ಕಾಲೇಜು ಸೇರಿದಾಗ ಗುರು ಪಕ್ಕದಲ್ಲಿ ಕುಳಿತು ವ್ಯಾಖ್ಯಾನಗಳನ್ನೆಲ್ಲ ಅವಳ ಕೈಯಲ್ಲಿ ಇಳಿಸಿದಳು. ಪುಸ್ತಕ ಓದಿ ಓದಿ ತನ್ನ ಉಳಿದ ಕಣ್ಣನ್ನು ಸವೆಸಿದಳು. 1904ರಲ್ಲಿ ಪದವಿ ಬಂದದ್ದು ಶಿಷ್ಯೆಗೆ. 1905ರಲ್ಲಿ ಜಾನ್ ಮೇಸಿಯೊಡನೆ ಮದುವೆಯಾಯಿತು. ಆ ಸಂಸಾರ ಬಹಳ ಕಾಲ ನಿಲ್ಲಲಿಲ್ಲ. ಆಕೆ ಟಸ್ಕಂಬಿಯಾದಿಂದ ಬರೆದ ಕಾಗದಗಳು 1903ರಲ್ಲಿ ಹೆಲನ್‌ಳ ಆತ್ಮಕಥೆಯೊಡನೆ ಅಚ್ಚಾದವು. ಆ ಹದಿನೈದು ತಿಂಗಳ ಕೂಸಿನ ಸಂಗತಿ ನಮಗೆ ತಿಳಿದದ್ದು ಅವುಗಳಿಂದಲೇ.

1936ರ ಅಕ್ಟೋಬರ್ 20ರಂದು, ದೃಷ್ಟಿಯನ್ನು ಬಹುಮಟ್ಟಿಗೆ ಪೂರ್ತಿ ಕಳೆದುಕೊಂಡು, ಎಪ್ಪತ್ತರ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಅಸ್ಥಿಯನ್ನು ವಾಷಿಂಗ್ಟನ್ನಿನ ದೊಡ್ಡ ಇಗರ್ಜಿಯಲ್ಲಿ ಇರಿಸಿದರು. 1968ರಲ್ಲಿ ಹೆಲನ್‌ಳ ಅಸ್ಥಿಯೂ ಅದರ ಪಕ್ಕಕ್ಕೆ ಬಂತು. ಅಲ್ಲಿಯ ಫಲಕದ ಮೇಲೆ ಬ್ರೈಲ್ ಚುಕ್ಕೆಗಳೂ ಇವೆ. ಬಂದವರು ಅವನ್ನು ಬೆರಳಿನಿಂದ ಸವರಿ ಹೋಗುತ್ತಾರೆ.