ಜಾನ್ ಎಂಟ್ವಿಸಲ್

ಜಾನ್ ಅಲೆಕ್ ಎಂಟ್ವಿಸಲ್ (9 ಅಕ್ಟೋಬರ್ 1944 – 27 ಜೂನ್ 2002) ಇಂಗ್ಲೆಂಡಿನ ರಾಕ್ ಸಂಗೀತಗಾರ, ಗೀತರಚನಕಾರ ಹಾಗೂ 'ದಿ ಹೂ' ತಂಡದ ಬೇಸ್ ಗಿಟಾರ್ ವಾದಕ. ಹಾಡಿನ ಹಿನ್ನೆಲೆಯಲ್ಲಿ ಮಂದ್ರ ಸ್ವರಗಳಿಗೆ ಸೀಮಿತವಾಗಿದ್ದ ಬೇಸ್ ಗಿಟಾರನ್ನು ಪ್ರಧಾನ ವಾದ್ಯದ ಸ್ಥಾನಕ್ಕೆ ತಂದವರಲ್ಲಿ ಇವರು ಪ್ರಮುಖರು.

ಬಾಲ್ಯ ಮತ್ತು ಶಿಕ್ಷಣ

ಎಂಟ್ವಿಸಲ್ ಪಶ್ಚಿಮ ಲಂಡನ್ನಿನಲ್ಲಿ ಬೆಳೆದರು. ತಂದೆ ಟ್ರಂಪೆಟ್ ಮತ್ತು ತಾಯಿ ಪಿಯಾನೊ ನುಡಿಸುತ್ತಿದ್ದರು. ಬಾಲಕನಾಗಿದ್ದಾಗಲೇ ಪಿಯಾನೊ, ಟ್ರಂಪೆಟ್ ಹಾಗೂ ಫ್ರೆಂಚ್ ಹಾರ್ನ್ ಕಲಿತರು. ಆಕ್ಟನ್ ಕೌಂಟಿ ಗ್ರಾಮರ್ ಶಾಲೆಯಲ್ಲಿ ಪೀಟ್ ಟೌನ್‌ಶೆಂಡ್ ಅವರ ಪರಿಚಯವಾಯಿತು. ಮೊದಲ ಬೇಸ್ ಗಿಟಾರನ್ನು ತಾವೇ ತಯಾರಿಸಿಕೊಂಡಿದ್ದರು. ಶಾಲೆ ಬಿಟ್ಟ ನಂತರ ಹಗಲು ತೆರಿಗೆ ಕಚೇರಿಯಲ್ಲಿ ದುಡಿದು, ಸಂಜೆ ಸಂಗೀತ ನುಡಿಸುತ್ತಿದ್ದರು.

ವೃತ್ತಿಜೀವನ

ರೋಜರ್ ಡಾಲ್ಟ್ರಿಯವರ 'ದಿ ಡಿಟೂರ್ಸ್' ತಂಡವನ್ನು ಸೇರಿದ ಎಂಟ್ವಿಸಲ್, ಟೌನ್‌ಶೆಂಡರನ್ನೂ ಅಲ್ಲಿಗೆ ಕರೆತಂದರು. 1964ರಲ್ಲಿ ಡ್ರಮ್ ವಾದಕ ಕೀತ್ ಮೂನ್ ಸೇರಿದರು. ಅದೇ ವರ್ಷ ತಂಡವು 'ದಿ ಹೂ' ಎಂಬ ಹೆಸರನ್ನು ಪಡೆಯಿತು. 1965ರ 'ಮೈ ಜನರೇಶನ್' ಹಾಡಿನಲ್ಲಿ ಇವರು ನುಡಿಸಿದ ಏಕವಾದನವು ರಾಕ್ ಸಂಗೀತದ ಆರಂಭಿಕ ಬೇಸ್ ಏಕವಾದನಗಳಲ್ಲಿ ಪ್ರಸಿದ್ಧವಾದುದು. 'ಬೋರಿಸ್ ದಿ ಸ್ಪೈಡರ್' ಮತ್ತು 'ಮೈ ವೈಫ್' ಇವರ ರಚನೆಗಳು. 1971ರಲ್ಲಿ, ತಂಡದ ಇತರ ಸದಸ್ಯರಿಗಿಂತ ಮೊದಲು, ಸ್ವತಂತ್ರ ರಾಕ್ ಆಲ್ಬಂ ಹೊರತಂದರು. 'ಕ್ವಾಡ್ರೊಫೀನಿಯಾ' (1973) ಆಲ್ಬಮ್ಮಿನ ಹಿತ್ತಾಳೆ ವಾದ್ಯಗಳನ್ನು ಇವರೇ ನುಡಿಸಿದರು. 'ದಿ ಹೂ ಬೈ ನಂಬರ್ಸ್' (1975) ಆಲ್ಬಮ್ಮಿನ ಹೊದಿಕೆಯ ಚಿತ್ರವೂ ಇವರದೇ.

ವಾದನ ಶೈಲಿ

ತಂಡದಲ್ಲಿ ಇದ್ದುದು ಒಂದೇ ಗಿಟಾರ್. ಟೌನ್‌ಶೆಂಡ್ ಹೆಚ್ಚಾಗಿ ಸ್ವರಮೇಳಗಳನ್ನು ನುಡಿಸುತ್ತಿದ್ದರು. ಮೂನ್ ಸರಳವಾದ ತಾಳಕ್ಕೆ ಕಟ್ಟುಬೀಳುತ್ತಿರಲಿಲ್ಲ. ಹೀಗಾಗಿ ಲಯವನ್ನು ಹಿಡಿದಿಡುವ ಮತ್ತು ರಾಗವನ್ನು ಮುನ್ನಡೆಸುವ ಎರಡೂ ಹೊಣೆಗಳು ಎಂಟ್ವಿಸಲ್‌ರ ಮೇಲೆ ಬಿದ್ದವು. ಇದಕ್ಕಾಗಿ ಅವರು ಉಕ್ಕಿನ ತಂತಿಗಳು, ಹೆಚ್ಚು ಶಕ್ತಿಯ ಧ್ವನಿವರ್ಧಕಗಳು ಮತ್ತು ಬಲಗೈಯ ಹಲವು ಬೆರಳುಗಳ ವೇಗದ ಮೀಟುಗಳನ್ನು ಬಳಸಿದರು. ಸಹವಾದಕರು ವೇದಿಕೆಯಲ್ಲಿ ವಾದ್ಯಗಳನ್ನು ಒಡೆಯುತ್ತಿದ್ದಾಗಲೂ ಇವರು ಅಲುಗದೆ ನಿಂತು ನುಡಿಸುತ್ತಿದ್ದರು. ಅದೇ ಅಬ್ಬರದ ಧ್ವನಿಯಿಂದಾಗಿ ಮುಂದೆ ಇವರ ಶ್ರವಣಶಕ್ತಿ ತೀವ್ರವಾಗಿ ಕುಂದಿತು.

ನಿಧನ

ಅಮೆರಿಕ ಪ್ರವಾಸದ ಮೊದಲ ಕಾರ್ಯಕ್ರಮಕ್ಕೆ ಒಂದು ದಿನವಿರುವಾಗ, ಲಾಸ್ ವೇಗಸ್‌ನ ಹೋಟೆಲೊಂದರಲ್ಲಿ ಎಂಟ್ವಿಸಲ್ 57ನೆಯ ವಯಸ್ಸಿನಲ್ಲಿ ನಿಧನರಾದರು. ಕೊಕೇನ್ ಸೇವನೆಯಿಂದ ಉಂಟಾದ ಹೃದಯಾಘಾತವು ಸಾವಿಗೆ ಕಾರಣವಾಗಿತ್ತು. ಕೆಲವೇ ದಿನಗಳಲ್ಲಿ ಪೀನೊ ಪಲಡೀನೊ ಬೇಸ್ ವಾದಕರಾಗಿ ಬಂದು, ತಂಡವು ಪ್ರವಾಸವನ್ನು ಮುಂದುವರಿಸಿತು. ಎಂಟ್ವಿಸಲ್ ಸಂಗ್ರಹಿಸಿದ್ದ ಗಿಟಾರುಗಳು 2003ರಲ್ಲಿ ಲಂಡನ್ನಿನಲ್ಲಿ ಹರಾಜಾದವು.