ಆಟದ ಲೆಕ್ಕವನ್ನು ಬರೆದಿಟ್ಟ ಹೆನ್ರಿ ಚಾಡ್ವಿಕ್

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಂದ ಬಂದು ನಮ್ಮಲ್ಲಿ ಓದುವ ಬಾಲಿಕೆಯರು ಸಾಯಂಕಾಲ ಸಾಫ್ಟ್‌ಬಾಲ್ ಆಡುತ್ತಿರುವಾಗ, ಬೇವಿನ ಮರದಡಿಯಲ್ಲಿ ಒಬ್ಬಳು ಪುಸ್ತಕವನ್ನೂ ಸೀಸದ ಕಡ್ಡಿಯನ್ನೂ ಹಿಡಿದು ಕುಳಿತಿರುವಳು. ಅವಳ ಕೈಯಲ್ಲಿ ಚೆಂಡೂ ಇಲ್ಲ, ದಾಂಡೂ ಇಲ್ಲ. ಆದರೂ ಆಟದ ಸತ್ಯವು ಅವಳ ವಶದಲ್ಲಿರುವುದು. ಆ ಲೆಕ್ಕದ ಕ್ರಮಕ್ಕೆ ರೂಪುಕೊಟ್ಟ ಪುರುಷನ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಸಂಕ್ಷೇಪವಾಗಿ ಅರಿಕೆ ಮಾಡುವೆವು.

ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನ ಎಕ್ಸಿಟರ್ ಪಟ್ಟಣದಲ್ಲಿ 1824ನೆಯ ಅಕ್ಟೋಬರ್ 5ರಂದು ಜನಿಸಿದನು. ತಂದೆಯು ಪತ್ರಿಕಾಕರ್ತನು. ಚರಂಡಿ, ಕುಡಿಯುವ ನೀರು, ರೋಗ, ಮರಣ ಇವುಗಳ ಲೆಕ್ಕವನ್ನು ತೆಗೆದು 1842ರಲ್ಲಿ ಪ್ರಸಿದ್ಧ ವರದಿಯನ್ನು ಬರೆದ ಎಡ್ವಿನ್ ಚಾಡ್ವಿಕ್ ಇವನ ಮಲಅಣ್ಣನು. ಅಣ್ಣನು ಬಡವರ ಕೇರಿಗಳ ಲೆಕ್ಕವನ್ನು ಬರೆದನು. ತಮ್ಮನು ಆಟದ ಬಯಲಿನ ಲೆಕ್ಕವನ್ನು ಬರೆದನು.

1837ರಲ್ಲಿ ಕುಟುಂಬವು ಅಮೆರಿಕಾಕ್ಕೆ ಹೋಗಿ ಬ್ರೂಕ್ಲಿನ್‌ನಲ್ಲಿ ನೆಲೆಸಿತು. ಹೆನ್ರಿಯು ಸಂಗೀತವನ್ನು ಕಲಿಸಿದನು. ಬಳಿಕ ಪತ್ರಿಕೆಗಳಿಗೆ ಕ್ರಿಕೆಟ್ ಆಟದ ವರ್ತಮಾನವನ್ನು ಬರೆದನು. 1856ರಲ್ಲಿ ಬೇಸ್‌ಬಾಲ್ ಪಂದ್ಯವೊಂದನ್ನು ಕಂಡು ಅದಕ್ಕೆ ಮನಸೋತನು. ಗೆದ್ದ ಪಕ್ಷದ ಹೆಸರನ್ನು ಬರೆದರೆ ಸಾಲದು, ಪ್ರತಿಯೊಬ್ಬ ಆಟಗಾರನು ಏನು ಮಾಡಿದನೆಂಬುದೂ ಉಳಿಯಬೇಕೆಂಬುದು ಅವನ ನಿಲುವು. ಓಟ, ಹೊಡೆತ, ಔಟ್ ಮಾಡಿದ್ದು, ಔಟ್ ಮಾಡಲು ನೆರವಾದದ್ದು, ತಪ್ಪು ಇವುಗಳನ್ನು ಹೆಸರಿನ ಮುಂದೆ ಸಾಲುಸಾಲಾಗಿ ತೋರಿಸುವ ಪಟ್ಟಿಯನ್ನು ಬೆಳೆಯಿಸಿದವರಲ್ಲಿ ಇವನೇ ಮುಖ್ಯನು. ಚೆಂಡನ್ನು ಹೊಡೆಯಲಾರದೆ ಔಟಾದವನಿಗೆ ಕೆ ಅಕ್ಷರವನ್ನು ಗುರುತಾಗಿಟ್ಟವನೂ ಇವನೇ. ಅದು ಸ್ಟ್ರಕ್ ಎಂಬ ಇಂಗ್ಲಿಷ್ ಪದದ ಕಡೆಯ ಅಕ್ಷರ. 1860ರಲ್ಲಿ ಆಟದ ಕೈಪಿಡಿಯೊಂದನ್ನು ಪ್ರಕಟಿಸಿದನು. ಜೂಜನ್ನೂ ಕುಡಿತವನ್ನೂ ಆಟದಿಂದ ದೂರವಿಡಬೇಕೆಂದು ಜೀವಮಾನವಿಡೀ ಹೋರಾಡಿದನು.

ಬೇಸ್‌ಬಾಲಿನಿಂದಲೇ 1887ರಲ್ಲಿ ಶಿಕಾಗೋ ನಗರದಲ್ಲಿ ಸಾಫ್ಟ್‌ಬಾಲ್ ಹುಟ್ಟಿತು. ಲೆಕ್ಕದ ಕ್ರಮವೂ ಅದಕ್ಕೆ ಬಂದಿತು. ಈಗ ಚೆಂಡೆಸೆಯುವವಳು 1, ಹಿಂದೆ ನಿಂತು ಹಿಡಿಯುವವಳು 2, ಮೊದಲ ಬೇಸಿನವಳು 3, ಶಾರ್ಟ್‌ಸ್ಟಾಪ್ 6. ಪುಸ್ತಕದಲ್ಲಿ 6-3 ಎಂದಿದ್ದರೆ, ಶಾರ್ಟ್‌ಸ್ಟಾಪ್ ಚೆಂಡನ್ನು ಹಿಡಿದು ಮೊದಲ ಬೇಸಿಗೆ ಎಸೆದು ಎದುರಾಳಿಯನ್ನು ಔಟ್ ಮಾಡಿಸಿದಳೆಂದು ತಿಳಿಯಬೇಕು.

ಚಾಡ್ವಿಕ್ಕನ ಎಣಿಕೆಯೆಲ್ಲವೂ ಸರಿಯಾಗಿತ್ತೆಂದಲ್ಲ. ಕೆಟ್ಟ ಎಸೆತಗಳನ್ನು ಬಿಟ್ಟು ಮೊದಲ ಬೇಸಿಗೆ ನಡೆದವನ ತಾಳ್ಮೆಯನ್ನು ಅವನು ಜಾಣ್ಮೆಯೆಂದೆಣಿಸದೆ, ಎಸೆದವನ ತಪ್ಪೆಂದೇ ಎಣಿಸಿದನು. ಮುಂದಿನವರು ಅದನ್ನು ತಿದ್ದಿದರು. ಅವನು 1908ನೆಯ ಏಪ್ರಿಲ್ 20ರಂದು, ತನ್ನ 83ನೆಯ ವಯಸ್ಸಿನಲ್ಲಿ, ಬ್ರೂಕ್ಲಿನ್‌ನಲ್ಲಿ ತೀರಿಕೊಂಡನು. 1938ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರದಲ್ಲಿ ಅವನ ಹೆಸರನ್ನು ಸೇರಿಸಿದರು.

ಒಂದು ಪಂದ್ಯದಲ್ಲಿ ನಮ್ಮ ಲೆಕ್ಕದ ಹುಡುಗಿಯು ಸ್ವಂತ ತಂಗಿಯ ಹೆಸರಿಗೆ ತಪ್ಪನ್ನು ಬರೆಯಬೇಕಾಗಿ ಬಂದಿತು. ಆ ತಪ್ಪಿನಿಂದಲೇ ಪಂದ್ಯವು ಕೈಬಿಟ್ಟಿತು. ಕೈ ನಡುಗಿದರೂ ಬರೆದಳು. ತಂಗಿಯು ಎರಡು ದಿನ ಅಕ್ಕನೊಡನೆ ಮಾತಾಡಲಿಲ್ಲ. ನಾವು ಅವಳನ್ನು ಕರೆದು ಅದೇ ಪುಟವನ್ನು ತೋರಿಸಿದೆವು: ಒಂದು ತಪ್ಪಿನ ಜೊತೆಗೆ ಮೂರು ಸಾರಿ 6-3 ಎಂದು ಅಕ್ಕನ ಕೈಬರಹದಲ್ಲಿಯೇ ಇದ್ದಿತು. ನೋಡಿದವರೆಲ್ಲರೂ ಆ ಮೂರನ್ನು ಮರೆತಿದ್ದರು, ಪುಸ್ತಕವು ಮರೆತಿರಲಿಲ್ಲ. ತಪ್ಪನ್ನು ಮರೆಮಾಚದ ಲೆಕ್ಕವು ಒಳ್ಳೆಯದನ್ನೂ ಮರೆಮಾಚುವುದಿಲ್ಲ. ಮಕ್ಕಳ ಪ್ರಗತಿಪತ್ರಕ್ಕೆ ರುಜು ಹಾಕುವ ತಾಯಿತಂದೆಗಳೂ, ಅದನ್ನು ಬರೆಯುವ ನಾವೂ ಇದನ್ನು ನೆನಪಿನಲ್ಲಿಡತಕ್ಕದ್ದು.