ಪತ್ರಕರ್ತ ರಾಜಾಜಿ

ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರನ್ನು ನಾವೆಲ್ಲ ಬಲ್ಲೆವು. ಪತ್ರಕರ್ತ ರಾಜಾಜಿಯವರನ್ನು ಬಲ್ಲವರು ಕಡಿಮೆ.

ಅವರು ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಹೊಸೂರು ಬಳಿಯ ತೊರಪಳ್ಳಿಯಲ್ಲಿ. ಸೇಲಂ ಜಿಲ್ಲೆಯಲ್ಲಿದ್ದ ಆ ಊರು 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ ಸೇರಿತು. ಊರು ಕದಲದೆ ಜಿಲ್ಲೆ ಬದಲಾಗುವುದು ನಮಗೂ ಹೊಸತಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕಲಿತು, ಸೇಲಂನಲ್ಲಿ ವಕೀಲರಾಗಿ ಹೆಸರು, ಹಣ ಎರಡನ್ನೂ ಗಳಿಸಿದ ಅವರು, ಗಾಂಧೀಜಿಯ ಕರೆಗೆ ಓಗೊಟ್ಟು ವಕೀಲಿ ಬಿಟ್ಟರು. ಗಾಂಧೀಜಿ ಸೆರೆಯಲ್ಲಿದ್ದಾಗ ‘ಯಂಗ್ ಇಂಡಿಯಾ’ದ ಸಂಪಾದಕರಾದರು.

1925ರಲ್ಲಿ ಅಂದಿನ ಸೇಲಂ ಜಿಲ್ಲೆಯ ತಿರುಚೆಂಗೋಡಿನ ಬಳಿ ಗಾಂಧಿ ಆಶ್ರಮ ಸ್ಥಾಪಿಸಿದರು. ಅಲ್ಲಿಂದಲೇ 1929ರಲ್ಲಿ ‘ವಿಮೋಚನಂ’ ಎಂಬ ತಮಿಳು ಪತ್ರಿಕೆ ಹೊರಟಿತು. ಹೆಂಡದಂಗಡಿ ಸೇರುವ ಕೂಲಿಯ ಕಾಸು ಮನೆಗೆ ಬರಬೇಕು, ಅದೇ ಅದರ ಗುರಿ. ನೆರವಿಗೆ ನಿಂತವರು ಕಲ್ಕಿ ಕೃಷ್ಣಮೂರ್ತಿ. ಪತ್ರಿಕೆ ಬಹುಕಾಲ ಬಾಳಲಿಲ್ಲ. ಆದರೆ 1937ರಲ್ಲಿ ಮದರಾಸು ಪ್ರಾಂತದ ಆಡಳಿತ ಕೈಗೆ ಬಂದಾಗ ರಾಜಾಜಿ ಪಾನನಿರೋಧವನ್ನು ಮೊದಲು ಜಾರಿಗೆ ತಂದದ್ದು ಸೇಲಂ ಜಿಲ್ಲೆಯಲ್ಲೇ. ಅಬಕಾರಿ ವರಮಾನದ ನಷ್ಟ ತುಂಬಲು 1939ರಲ್ಲಿ ಮಾರಾಟ ತೆರಿಗೆ ಹಾಕಿದರು.

ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿ ಜನರ ಸಿಟ್ಟಿಗೆ ಗುರಿಯಾದವರೂ ಅವರೇ. ಮುಂದೆ ಹಿಂದಿ ಹೇರಿಕೆಯನ್ನು ಎದುರಿಸಿದವರೂ ಅವರೇ. ಇಳಿವಯಸ್ಸಿನಲ್ಲಿ ‘ಸ್ವರಾಜ್ಯ’ ವಾರಪತ್ರಿಕೆಯಲ್ಲಿ ಲೈಸೆನ್ಸು, ಪರ್ಮಿಟ್ಟುಗಳ ಆಡಳಿತವನ್ನು ಬಿಡದೆ ಟೀಕಿಸಿದರು. 1972ರ ಡಿಸೆಂಬರ್ 25ರಂದು ತೀರಿಕೊಂಡರು.

ಆಶ್ರಮದ ಸಣ್ಣ ಪತ್ರಿಕೆಯಲ್ಲಿ ಬರೆದ ಮಾತು ಎಂಟೇ ವರ್ಷಗಳಲ್ಲಿ ಕಾನೂನಾಯಿತು. ನಮ್ಮ ಮನೆಬಾಗಿಲಿಗೆ ಬರುವ ಸಣ್ಣ ಕನ್ನಡ ಪತ್ರಿಕೆಯನ್ನೂ ನಾವು ಹಗುರವಾಗಿ ಕಾಣಬಾರದು.